ಅಮ್ಮ ಎಣ್ಣೆ ಹಚ್ಚಿ ಹೊಳೆಸಿದ ನೆಲದ ಮೇಲೆ ಟೈಲ್ಸ್

ಮೊದಲ ಟೈಲು ಮರುದಿನವೇ ಎದ್ದು ಬಂತು. ಸುಮ್ನೆ ಕರಣೆಯ ತುದಿ ಹಾಕಿ ಮೀಟಿದ್ದಷ್ಟೇ, ಕಾವಲಿಯಿಂದ ದೋಸೆ ಎದ್ದ ಹಾಗೆ ಪೂರ್ತಿ ಎದ್ದಿತು. ಅಂಟೆಲ್ಲ ಟೈಲಿನ ಬೆನ್ನಿಗೇ ಇತ್ತು. ಕೆಳಗಿನ ಕೆಂಪು ನೆಲ ಆಗಷ್ಟೇ ಒರೆಸಿದಂತೆ ಹೊಳೆಯುತ್ತಿತ್ತು.

ನಮ್ಮದು ತುಮಕೂರಿನ ಕ್ಯಾತ್ಸಂದ್ರದಲ್ಲಿ 40 ವರ್ಷದ ಮನೆ. ನಡುಮನೆಗೆ ರೆಡ್ ಆಕ್ಸೈಡ್ ನೆಲ. ಅಮ್ಮ ಹಬ್ಬಕ್ಕೊಮ್ಮೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕುತ್ತಿದ್ದಳು. ಎಣ್ಣೆ ಕುಡಿದ ನೆಲಕ್ಕೆ ಅಂಟು ಹಿಡಿಯಲ್ಲ. ಸೋಪು ನೀರಲ್ಲಿ ತೊಳೆದರೆ ಎಣ್ಣೆ ಹೋಗುತ್ತೆ ಅಂದುಕೊಂಡಿದ್ದೆ. ಒಂದೇ ಟೈಲು ಹಾಕಿ ನೋಡಿದ್ದು ಪುಣ್ಯ.

ಹಳೆ ನೆಲ ಅಗೆದು ಹಾಕೋದು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ತಳ ಗಟ್ಟಿಯಿದ್ದರೆ ಅಗೆಯೋದು ದುಡ್ಡು ದಂಡ. ಗಟ್ಟಿಯಿದೆಯಾ ಅಂತ ತಿಳಿಯೋಕೆ ಸುತ್ತಿಗೆಯ ಮರದ ಹಿಡಿಯಿಂದ ಅಡಿಗೊಂದು ಕಡೆ ಕುಟ್ಟುತ್ತಾ ಹೋದೆ. ಗಟ್ಟಿ ಜಾಗ ಟಣ್ ಅನ್ನುತ್ತದೆ. ಟೊಳ್ಳಿದ್ದರೆ ಡಬ್ಬ ಬಡಿದ ಸದ್ದು. ಅಂಥ ಕಡೆ ಟೈಲು ಹಾಕಿದರೆ ಭಾರದ ವಸ್ತು ಬಿದ್ದ ದಿನ ಬಿರುಕು ಗ್ಯಾರಂಟಿ. ನನಗೆ ಒಂಬತ್ತು ಕಡೆ ಸಿಕ್ಕಿತು. ಚಾಕ್‌ಪೀಸಿನಲ್ಲಿ ಸುತ್ತು ಹಾಕಿಕೊಂಡೆ. ಅಡುಗೆಮನೆ ಬಾಗಿಲ ಹತ್ತಿರದ್ದು ಊಟದ ತಟ್ಟೆಯಷ್ಟು ಅಗಲ. ಅಷ್ಟನ್ನೂ ಉಳಿಯಿಂದ ಕೆತ್ತಿ ತೆಗೆದು, ನೀರು ಚಿಮುಕಿಸಿ, ಸಿಮೆಂಟ್ ಹಾಲು (ನೀರಲ್ಲಿ ಕಲಸಿದ ತೆಳು ಸಿಮೆಂಟ್) ಬಳಿದು, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ ತುಂಬಿದೆ. ಒದ್ದೆ ಗೋಣಿಚೀಲ ಹೊದಿಸಿ ಏಳು ದಿನ ಬಿಟ್ಟೆ. ಈ ಏಳು ದಿನ ಯಾರಿಗೂ ಇಷ್ಟವಾಗಲ್ಲ, ಮನೆಯವರಿಗಂತೂ ಇಲ್ಲವೇ ಇಲ್ಲ.

ಆಮೇಲೆ ಎಣ್ಣೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಗಟ್ಟಿ ಬ್ರಷ್‌ನಲ್ಲಿ ಎರಡು ಸಲ ತಿಕ್ಕಿ ತೊಳೆದೆ. ಒಣಗಿದ ಮೇಲೆ ಬಾಡಿಗೆ ಗ್ರೈಂಡರ್ ತಂದು ಹೊಳಪಿನ ಪದರ ಕೆರೆದೆ. ಮೂಗಿಗೆ ಮಾಸ್ಕ್ ಬೇಕೇ ಬೇಕು. ಕೆಂಪು ಧೂಳು ಅಟ್ಟದ ಪಾತ್ರೆಗಳವರೆಗೂ ಹೋಯಿತು. "ಅಷ್ಟು ವರ್ಷ ತಿಕ್ಕಿದ್ದನ್ನ ಒಂದೇ ದಿನದಲ್ಲಿ ಕೆರೆದು ಹಾಕ್ದೆಯಲ್ಲೋ" ಅಂದಳು ಅಮ್ಮ. ಉತ್ತರವಿರಲಿಲ್ಲ.

ಸಾಕಾಯ್ತಾ ಅಂತ ನೋಡೋಕೆ ಅಲ್ಲಲ್ಲಿ ನೀರಿನ ಹನಿ ಬಿಟ್ಟೆ. ಮೊದಲು ಕೆಸುವಿನ ಎಲೆ ಮೇಲಿನ ಹನಿಯಂತೆ ದುಂಡಗೆ ನಿಲ್ಲುತ್ತಿದ್ದದ್ದು ಈಗ ನೆಲಕ್ಕೆ ಇಂಗಿತು. ಗೋಡೆ ಮೂಲೆಯಲ್ಲಿ ಮಾತ್ರ ನಿಂತಿತು. ಅಲ್ಲಿ ಮತ್ತೆ ಕೆರೆದೆ.

ತೇವದ ಭಯಕ್ಕೆ ರಾತ್ರಿ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿದ್ದೆ. ಮರುದಿನ ಹಾಳೆಯ ಅಡಿಯಲ್ಲಿ ನೀರ ಹನಿ ಕಟ್ಟಿರಲಿಲ್ಲ, ಅಂದರೆ ಕೆಳಗಿಂದ ತೇವ ಏರುತ್ತಿರಲಿಲ್ಲ. ಆರಡಿ ಮಟ್ಟಗೋಲು, ರಸಮಟ್ಟ ಇಟ್ಟು ನೋಡಿದರೆ ನಡುವೆ 8 ಮಿಲಿಮೀಟರ್ ತಗ್ಗು. ಅದನ್ನು ಅಂಟಲ್ಲೇ ತುಂಬಿಬಿಡೋಣ ಅಂತ ಕೈ ತುರಿಸಿತು. ಅಂಟು ದಪ್ಪವಾದರೆ ಒಣಗುವಾಗ ಕುಗ್ಗಿ ಟೈಲನ್ನೂ ಎಳೆಯುತ್ತದೆ. ತಗ್ಗಿಗೆ ಬೇರೆಯಾಗೇ ಗಾರೆ ಹಾಕಿದೆ.

ಟೈಲು 9, ಅಂಟು 5, ಒಟ್ಟು 14 ಮಿಲಿಮೀಟರ್ ನೆಲ ಏರುತ್ತದೆ. ಕೋಣೆಗಳ ಬಾಗಿಲು ಅಳೆದು ಮೊದಲೇ ಅಡಿ ಕೊಯ್ಸಿದ್ದೆ. ಒಳಗೇ ತೆರೆಯುವ ತಲೆಬಾಗಿಲನ್ನು ಮರೆತಿದ್ದೆ. ತೇಗದ ಬಾಗಿಲು ಅದು. ಬಿಚ್ಚಿ ಇಳಿಸೋಕೆ ನಾಲ್ಕು ಜನ ಬೇಕಾಯಿತು.