ಗಿಟಾರಿಗೆ ತರಬ್ ತಂತಿಗಳನ್ನು ಕೂಡಿಸುವ ವಿಧಾನ

ಎರಡು ಮೂರು ವಾದ್ಯಗಳ ಗುಣವನ್ನು ಒಂದರಲ್ಲೇ ಕೂಡಿಸಿದವರ ಪೈಕಿ ಜೈಪುರದ ವಿಶ್ವಮೋಹನ ಭಟ್ಟರ ಹೆಸರು ನಮ್ಮಲ್ಲಿ ಎಲ್ಲರಿಗೂ ಪರಿಚಿತ. ಗಿಟಾರನ್ನು ಮಾರ್ಪಡಿಸಿ ಅವರು ರೂಪಿಸಿದ ಮೋಹನವೀಣೆಯ 20 ತಂತಿಗಳಲ್ಲಿ ರಾಗವನ್ನು ನುಡಿಸುವುದಕ್ಕೆ ಮೂರು, ಚಿಕಾರಿ (ನಡುನಡುವೆ ಲಯಕ್ಕಾಗಿ ಮೀಟುವ ತಂತಿ) ಮತ್ತು ಶ್ರುತಿಗೆ ಐದು, ಉಳಿದ ಹನ್ನೆರಡು ತಾವಾಗಿಯೇ ಅನುರಣಿಸುವ ತರಬ್ ತಂತಿಗಳು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅವರೊಂದಿಗೆ ಈ ವಾದ್ಯದಲ್ಲಿ ನುಡಿಸಿದ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ತಂತಿಯ ಮೇಲೆ ಜಾರುವ ಕೋಲು, ಅಡಿಯಲ್ಲಿ ತರಬ್ ಎಂಬ ಜೋಡಣೆ ದಕ್ಷಿಣದ ಗೋಟುವಾದ್ಯದಲ್ಲಿ ಇದಕ್ಕೂ ಮೊದಲೇ ಇತ್ತಾದ್ದರಿಂದ, ಇದನ್ನು ಪೂರ್ತಿ ಹೊಸ ಕಲ್ಪನೆ ಎನ್ನುವಂತಿಲ್ಲ. ಸಾಮಾನ್ಯ ಉಕ್ಕಿನ ತಂತಿಯ ಗಿಟಾರನ್ನು ಇದೇ ಜಾತಿಗೆ ಸೇರಿಸಬಯಸುವವರಿಗಾಗಿ ಈ ಬರಹ.

ಮೊದಲು ತೀರ್ಮಾನಿಸಬೇಕಾದದ್ದು ಯಾವ ವಾದ್ಯದಿಂದ ಯಾವ ಒಂದು ಕೆಲಸವನ್ನು ಎರವಲು ಪಡೆಯುತ್ತೇವೆ ಎಂಬುದನ್ನು. ಇಲ್ಲಿ ಗಿಟಾರಿನಿಂದ ಒಡಲು, ಗೋಟುವಾದ್ಯದಿಂದ ಜಾರಿಕೆ, ಸಿತಾರಿನಿಂದ ತರಬ್ ಮತ್ತು ಚಿಕಾರಿ, ಇಷ್ಟು ಸಾಕು. ಇದರ ಮೇಲೆ ಸ್ವರಮಂಡಲವೂ ಇರಲಿ, ಮ್ಯಾಂಡೊಲಿನ್ನಿನ ಜೋಡಿ ತಂತಿಯೂ ಇರಲಿ ಎಂದು ಸೇರಿಸುತ್ತಾ ಹೋದ ವಾದ್ಯಗಳು ನೋಡುವುದಕ್ಕೆ ಬೆರಗು ಹುಟ್ಟಿಸುತ್ತವೆಯೇ ಹೊರತು, ಶ್ರುತಿ ಮಾಡುವಷ್ಟರಲ್ಲೇ ಕಛೇರಿಯ ಅರ್ಧ ಹೊತ್ತನ್ನು ನುಂಗುತ್ತವೆ ಎಂಬುದು ನನ್ನ ಅಭಿಪ್ರಾಯ.

ನಾದಕ್ಕಿಂತ ಮೊದಲು ಭಾರದ ಲೆಕ್ಕ. ಗಿಟಾರಿನ ಆರು ತೆಳು ತಂತಿಗಳು ಸಾಮಾನ್ಯ ಶ್ರುತಿಯಲ್ಲಿ ಒಟ್ಟು ಸುಮಾರು 70 ಕಿಲೋ ಬಲದಿಂದ ಒಡಲನ್ನು ಎಳೆಯುತ್ತಿರುತ್ತವೆ. ಹನ್ನೆರಡು ತರಬ್ ತಂತಿಗಳು ತಲಾ ಮೂರರಿಂದ ನಾಲ್ಕು ಕಿಲೋ ಎಳೆದರೂ ಇನ್ನೊಂದು 40 ಕಿಲೋ ಕೂಡುತ್ತದೆ. ಚಪ್ಪಟೆ ಮುಖದ ಗಿಟಾರಿನಲ್ಲಿ ಕುದುರೆಯನ್ನು (ತಂತಿಗಳನ್ನು ಹೊರುವ ಬ್ರಿಜ್) ತೆಳು ಹಲಗೆಗೆ ಅಂಟಿಸಿರುವುದರಿಂದ ಈ ಹೆಚ್ಚುವರಿ ಎಳೆತಕ್ಕೆ ಕುದುರೆ ಎದ್ದು ಬರುತ್ತದೆ, ಇಲ್ಲವೇ ಹಲಗೆ ಉಬ್ಬುತ್ತದೆ. ತಂತಿಗಳನ್ನು ಒಡಲಿನ ತುದಿಗೆ, ಟೇಲ್‌ಪೀಸಿಗೆ ಕಟ್ಟುವ ಉಬ್ಬು ಮುಖದ ಆರ್ಚ್‌ಟಾಪ್ ಗಿಟಾರನ್ನು ಆರಿಸಿಕೊಳ್ಳುವುದು ಇದಕ್ಕಾಗಿಯೇ. ಅದು ಸಿಗದಿದ್ದರೆ, ಚಪ್ಪಟೆ ಗಿಟಾರಿನ ಬುಡದ ಒಳಗಿರುವ ಮರದ ತುಂಡಿಗೆ ಲೋಹದ ಟೇಲ್‌ಪೀಸನ್ನು ತಿರುಪು ಹಾಕಿ ಕೂರಿಸಿ, ಎಲ್ಲ ತಂತಿಗಳನ್ನೂ ಅದಕ್ಕೇ ಕಟ್ಟಬೇಕು. ಕುತ್ತಿಗೆ ಒಂದಿಷ್ಟು ಬಾಗಿದರೂ ಗಾಬರಿಯಾಗಬೇಕಿಲ್ಲ: ತಂತಿಯ ಮೇಲೆ ಜಾರಿಸುವ ಉಕ್ಕಿನ ಬಾರ್ ಮೆಟ್ಟಿಲುಗಳನ್ನು ಮುಟ್ಟುವುದೇ ಇಲ್ಲವಾದ್ದರಿಂದ ಸ್ವರಸ್ಥಾನವನ್ನು ಕಿವಿಯೇ ಹುಡುಕಿಕೊಳ್ಳುತ್ತದೆ. ಇಂಥ ಪ್ರಯೋಗಕ್ಕೆ ಜಾರಿಕೆಯ ವಾದ್ಯದಷ್ಟು ಉದಾರವಾದದ್ದು ಬೇರೊಂದಿಲ್ಲ.

ಇನ್ನು ಮರಗೆಲಸ. ಮುಖ್ಯ ತಂತಿಗಳು ಮೇಲಿನ ನಟ್ಟಿನಲ್ಲಿ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬೆರಳುಹಲಗೆಯಿಂದ ಒಂದು ಸೆಂಟಿಮೀಟರಿನಷ್ಟು ಎತ್ತರದಲ್ಲಿರಬೇಕು. ಲ್ಯಾಪ್ ಸ್ಟೀಲಿಗೆಂದು, ಅಂದರೆ ತೊಡೆಯ ಮೇಲೆ ಮಲಗಿಸಿ ನುಡಿಸುವ ಗಿಟಾರಿಗೆಂದು ಮಾರುವ ಲೋಹದ ಎತ್ತರದ ನಟ್ಟನ್ನು ಹಳೆಯ ನಟ್ಟಿನ ಮೇಲೆ ಕೂರಿಸಿದರೆ ಆಯಿತು. ಕುದುರೆಯನ್ನೂ ಅದಕ್ಕೆ ತಕ್ಕಂತೆ ಎತ್ತರಿಸಬೇಕು. ಕುತ್ತಿಗೆಯ ಒಂದು ಪಕ್ಕಕ್ಕೆ ಮೂರು ಸೆಂಟಿಮೀಟರ್ ದಪ್ಪದ ಗಟ್ಟಿ ಮರದ ಪಟ್ಟಿಯನ್ನು ಅಂಟಿನಿಂದಲೂ ತಿರುಪಿನಿಂದಲೂ ಬಿಗಿದು, ಅದರಲ್ಲಿ ಓರೆ ಸಾಲಾಗಿ ಹನ್ನೆರಡು ತೂತು ಕೊರೆಯಿರಿ. ಬಿರಡೆಯಾಗಿ ಸ್ವರಮಂಡಲದ ಕಬ್ಬಿಣದ ಗೂಟಗಳು ಅಗ್ಗವೂ ಹೌದು, ಜಾಗವನ್ನೂ ಕಡಿಮೆ ತಿನ್ನುತ್ತವೆ. ತೂತು ಗೂಟದ ದಪ್ಪಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿರಲಿ; ಅದೇ ಮರದ ಚೂರೊಂದರಲ್ಲಿ ಮೊದಲು ಪರೀಕ್ಷಿಸಿ, ಗೂಟ ಕೀಲಿಗೆ ಬಿಗಿಯಾಗಿ ತಿರುಗಿ ನಿಂತಲ್ಲೇ ನಿಲ್ಲುವುದನ್ನು ಖಚಿತಪಡಿಸಿಕೊಂಡೇ ಪಟ್ಟಿಗೆ ಕೈ ಹಾಕಬೇಕು. ಚಿಕಾರಿಯ ಎರಡು ತಂತಿಗಳನ್ನು ಬಲಗೈ ಹೆಬ್ಬೆರಳಿಗೆ ನೋಡದೆಯೇ ಸಿಗುವ ಕಡೆ ಇಡಿ.

ತರಬ್ ತಂತಿಯ ಉದ್ದವನ್ನು ಅಂದಾಜಿನ ಮೇಲೆ ಬಿಡಬಾರದು. ಮೀಟರಿನಲ್ಲಿ ಅಳೆದ ಉದ್ದವನ್ನು ಸ್ವರದ ಕಂಪನಾಂಕದಿಂದ ಗುಣಿಸಿ ನೋಡಿ. ಗಿಟಾರಿನ ಮೊದಲ ತಂತಿಯಲ್ಲಿ ಇದು 0.65 × 330, ಅಂದರೆ ಸುಮಾರು 214. ಗುಣಲಬ್ಧ 240 ದಾಟಿತೆಂದರೆ ಉಕ್ಕಿನ ತಂತಿ ಇಂದಲ್ಲ ನಾಳೆ ಹರಿಯುತ್ತದೆ. ಇನ್ನೂ ತೆಳುವಾದ ತಂತಿ ಹಾಕಿದರೆ ಉಳಿದೀತೆಂದು ಹಲವರು ನಂಬುತ್ತಾರೆ, ಆದರೆ ತಂತಿ ತೆಳುವಾದಂತೆ ಎಳೆತ ಎಷ್ಟು ತಗ್ಗುತ್ತದೆಯೋ ಅದರ ತಾಳಿಕೆಯೂ ಅಷ್ಟೇ ತಗ್ಗುವುದರಿಂದ ಪ್ರಯೋಜನವಿಲ್ಲ. ಉದ್ದವನ್ನೇ ಕಡಿಮೆ ಮಾಡಬೇಕು. ತೂತುಗಳು ಓರೆ ಸಾಲಿನಲ್ಲಿರುವುದು, ತಾರಸ್ಥಾಯಿಯ ತಂತಿ ಕುದುರೆಗೆ ಹತ್ತಿರವಾಗಿ ಮೊಟಕಾಗುವುದು ಈ ಕಾರಣಕ್ಕೆ. 294 ಕಂಪನದ ಷಡ್ಜಕ್ಕೆ 65 ಸೆಂಟಿಮೀಟರ್ ಉದ್ದದ ತಂತಿ ನಿರಾಳವಾಗಿ ನಿಲ್ಲುತ್ತದೆ. ಅದರ ಮೇಲಿನ ಪಂಚಮಕ್ಕೆ, ಅಂದರೆ 441ಕ್ಕೆ, 50 ಸೆಂಟಿಮೀಟರ್ ದಾಟದಿರಲಿ.

ತರಬಿಗೆ ಪ್ರತ್ಯೇಕವಾದ ಗಿಡ್ಡ ಕುದುರೆ ಬೇಕು. ಅದರ ಮೇಲ್ಮೈ ಸಿತಾರಿನಂತೆ ಅಗಲವಾಗಿದ್ದು ತೀರಾ ನಸುವಾಗಿ ಇಳಿಜಾರಾಗಿದ್ದರೆ ಮಾತ್ರ ಜವಾರಿ, ಅಂದರೆ ತಂತಿಯ ಝೇಂಕಾರ, ಹುಟ್ಟುತ್ತದೆ. ಹಿಂದೆ ಇದಕ್ಕೆ ಜಿಂಕೆಯ ಕೊಂಬು ಬಳಸುತ್ತಿದ್ದರು. ಈಗ ಅದಕ್ಕೆ ಕಾನೂನಿನ ಅಡ್ಡಿಯಿದೆ, ಕರಿಮರ ಅಥವಾ ಗಟ್ಟಿ ಪ್ಲಾಸ್ಟಿಕ್ ಸಾಕು. ನಯವಾದ ಮರಳುಕಾಗದದಿಂದ ನಾಲ್ಕು ಸಲ ಉಜ್ಜಿ, ತಂತಿ ಏರಿಸಿ ಕೇಳಿ, ಮತ್ತೆ ಇಳಿಸಿ ಉಜ್ಜುವ ಈ ಕೆಲಸಕ್ಕೆ ಅಡ್ಡದಾರಿಯಿಲ್ಲ. ನಾದ ಸತ್ತಂತೆ ಕೇಳಿಸಿದರೆ ಇಳಿಜಾರು ಕಡಿಮೆಯಾಗಿ ತಂತಿ ಮೇಲ್ಮೈಗೆ ಒತ್ತಿಕೊಂಡಿದೆ. ಝೇಂಕಾರವೇ ಇಲ್ಲದೆ ಬರೀ ಮೀಟಿದ ಸದ್ದು ಬಂದರೆ ಇಳಿಜಾರು ಹೆಚ್ಚಾಗಿದೆ. ಕೈ ಪಳಗದವರು ಈ ಒಂದು ಹಂತವನ್ನು ಮಿರಜಿನ ಸಿತಾರು ಕುಶಲಕರ್ಮಿಗಳಿಗೆ ಒಪ್ಪಿಸುವುದು ಲೇಸು. ಧಾರವಾಡದ ಕಡೆಯ ಸಂಗೀತಗಾರರಿಗೆ ಆ ಊರಿನ ದಾರಿ ಹೇಳಿಕೊಡಬೇಕಾಗಿಲ್ಲ.

ತರಬ್ ತಂತಿಗಳು ಮುಖ್ಯ ತಂತಿಗಳಿಗಿಂತ ಕನಿಷ್ಠ ಐದು ಮಿಲಿಮೀಟರ್ ಕೆಳಗಿರಲಿ. ಬಾರನ್ನು ಸ್ವಲ್ಪ ಒತ್ತಿ ಉದ್ದಕ್ಕೂ ಜಾರಿಸಿ ನೋಡಿ, ಎಲ್ಲಿಯೂ ಕೆಳಗಿನ ತಂತಿ ತಾಗಿ ಕರಕರ ಎನ್ನಬಾರದು. ಏರಿಸುವಾಗ ಎಲ್ಲವನ್ನೂ ಒಂದೇ ದಿನ ಪೂರ್ತಿ ಶ್ರುತಿಗೆ ತರದೆ, ಮೊದಲು ಒಂದೆರಡು ಸ್ವರ ತಗ್ಗಿಸಿಟ್ಟು, ಹಲಗೆಯ ಮೇಲೆ ನೇರಪಟ್ಟಿ ಇಟ್ಟು ಉಬ್ಬು ತಗ್ಗು ನೋಡಿಕೊಳ್ಳುತ್ತಾ ದಿನದಿನವೂ ಬಿಗಿಯುವುದು ಕ್ಷೇಮ.

ಅನುರಣನದ ಪರೀಕ್ಷೆ ಸುಲಭ. ಅಕ್ಕಿಕಾಳಿನಷ್ಟು ಕಾಗದದ ಚೂರನ್ನು ಮಡಚಿ ತರಬ್ ತಂತಿಯ ನಡುವೆ ಕೂರಿಸಿ, ಅದೇ ಸ್ವರವನ್ನು ಮುಖ್ಯ ತಂತಿಯಲ್ಲಿ ಮೀಟಿರಿ. ಶ್ರುತಿ ಸರಿಯಾಗಿ ಕೂಡಿದ್ದರೆ ಚೂರು ಎಗರಿ ಬೀಳುತ್ತದೆ, ಶ್ರುತಿ ಸ್ವಲ್ಪ ತಪ್ಪಿದ್ದರೂ ಅದು ಅಲುಗುವುದಿಲ್ಲ. ಯಮನ್ ನುಡಿಸುವುದಾದರೆ ಮಂದ್ರ ನಿಷಾದದಿಂದ ಆರಂಭಿಸಿ ರಾಗದ ಸ್ವರಗಳನ್ನು ಕ್ರಮವಾಗಿ ಕಟ್ಟಿ. ಮುಂದಿನ ರಾಗ ಬಿಲಾವಲ್ ಆದರೆ ತೀವ್ರ ಮಧ್ಯಮದ ತಂತಿಯನ್ನಷ್ಟೇ ಶುದ್ಧಕ್ಕೆ ಇಳಿಸಿದರೆ ಸಾಕು. ಭೈರವಿಗೆ ಹೋಗುವುದಾದರೆ ಋಷಭ, ಗಾಂಧಾರ, ಧೈವತ, ನಿಷಾದಗಳನ್ನೂ ಕೋಮಲಕ್ಕೆ ಇಳಿಸಬೇಕಾಗುವುದರಿಂದ ಕಾರ್ಯಕ್ರಮದ ರಾಗಗಳ ಸರದಿಯನ್ನು ಈ ತಂತಿಗಳನ್ನು ಗಮನದಲ್ಲಿಟ್ಟುಕೊಂಡೇ ಜೋಡಿಸಿಕೊಳ್ಳಬೇಕು.