ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡದೆ ತೋಟಕ್ಕೇ ತಿರುಗಿಸಿದ್ದು: ನನ್ನ ಅನುಭವ

ಕಾಫಿ ಬೆಳೆಗಾರರು ನಾಲ್ಕು ಜನ ಸೇರಿದರೆ ಈಗ ಎರಡೇ ಮಾತು. ಒಂದು ಆನೆ, ಇನ್ನೊಂದು ದೆಹಲಿಯಿಂದ ಬರುವ ಕಾನೂನು. ಪಶ್ಚಿಮಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶ ಮಾಡುವ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಬರುತ್ತಲೇ ಇದೆ. 2024ರ ಜುಲೈನಲ್ಲಿ ಬಂದ ಆರನೆಯದರಲ್ಲಿ ಕರ್ನಾಟಕದ ಪಾಲೇ 20,668 ಚದರ ಕಿಲೋಮೀಟರ್. ನಮ್ಮ ರಾಜ್ಯದ ಸಂಪುಟ ಬೇಡ ಅಂದಿತು. ಅದು ಎಲ್ಲಿಗೆ ಮುಟ್ಟುತ್ತದೋ ಮುಟ್ಟಲಿ. ನನ್ನ ತಲೆನೋವು ಇನ್ನೂ ಹತ್ತಿರದ್ದು, ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಿಂದ ಹೊರಬರುವ ಕೊಳಕು ನೀರು.

ನೀರು ರಾಜ್ಯದ ವಿಷಯ ಅಂತೀವಿ. ಆದರೆ 1974ರ ಜಲ ಕಾಯ್ದೆ ಸಂಸತ್ತಿನದು. ಕರ್ನಾಟಕವೂ ಸೇರಿ ಕೆಲವು ರಾಜ್ಯಗಳೇ ನಿರ್ಣಯ ಮಾಡಿ ಆ ಅಧಿಕಾರ ಕೊಟ್ಟಿದ್ದು. 1986ರ ಪರಿಸರ ಕಾಯ್ದೆ ಅದರ ಮೇಲೆ ಬಂತು. ಈಗ ಅದರಲ್ಲಿ ಜೈಲಿನ ಬದಲು ದಂಡ, ಹತ್ತು ಸಾವಿರದಿಂದ ಹದಿನೈದು ಲಕ್ಷದವರೆಗೆ. ಜಲ ಕಾಯ್ದೆಗೂ 2024ರಲ್ಲಿ ಇದೇ ಥರದ ತಿದ್ದುಪಡಿ ಆಯ್ತು. ಮೊದಲು ಹಿಮಾಚಲ, ರಾಜಸ್ಥಾನ, ಕೇಂದ್ರಾಡಳಿತ ಪ್ರದೇಶಗಳಿಗೆ; ಉಳಿದ ರಾಜ್ಯಗಳು ನಿರ್ಣಯ ಮಾಡಿ ಒಪ್ಪಿಕೊಳ್ಳಬಹುದು. ಹದಿನೈದು ಲಕ್ಷ ಅಂದ್ರೆ ದೊಡ್ಡ ಎಸ್ಟೇಟಿಗೆ ಒಂದು ಜೀಪು. ನನ್ನಂಥ ಇಪ್ಪತ್ತು ಎಕರೆಯವನಿಗೆ ತೋಟ ಅಡ ಇಡುವ ಮಾತು. ನನ್ನ ತಕರಾರು ಇಷ್ಟೇ. ನಿಯಮವೇ ಬೇಡ ಅನ್ನುವವನಲ್ಲ. ಡಿಸೆಂಬರ್‌ನಲ್ಲಿ ನಮ್ಮ ಹಳ್ಳ ಕಪ್ಪಗೆ ನಾರುತ್ತಿದ್ದುದನ್ನು ಎಲ್ಲರೂ ನೋಡಿದ್ದೀವಿ. ಆ ನೀರು ಹೇಮಾವತಿಗೇ ಹೋಗುವುದು.

ಮೊದಲು ಒಬ್ಬ ಕನ್ಸಲ್ಟೆಂಟ್ ಬಂದು ಹದಿನಾಲ್ಕು ಲಕ್ಷದ ಅಂದಾಜು ಕೊಟ್ಟರು. ಏರೇಟರ್, ಫಿಲ್ಟರ್, ಪ್ಯಾನೆಲ್ ಬೋರ್ಡು, ಎಲ್ಲಾ ಇತ್ತು. ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತು ಇರುತ್ತೆ ಅನ್ನುವ ಲೆಕ್ಕ ಮಾತ್ರ ಇರಲಿಲ್ಲ. ಬಿಟ್ಟೆ. ಮಣ್ಣಿನ ಗುಂಡಿ ತೋಡಿಸಿ ನೀರು ಬಿಟ್ಟು ನೋಡಿದ್ದಾಯ್ತು. ಅದು ಇಂಗಿ ಕೆಳಗಿನ ಬಾವಿ ನೀರು ವಾಸನೆ ಬಂತು, ಪಕ್ಕದವರು ಜಗಳಕ್ಕೆ ಬಂದರು. ಬರೀ ಸುಣ್ಣ ಹಾಕಿದ ವರ್ಷ ಸುಣ್ಣಕ್ಕೇ ಮೂವತ್ತು ಸಾವಿರದ ಹತ್ತಿರ ಹೋಯ್ತು. ತಳದಲ್ಲಿ ಮೊಣಕಾಲುದ್ದ ಕೆಸರು. ಅದನ್ನು ಎತ್ತಲು ಆಳು ಸಿಗಲಿಲ್ಲ.

ದಾರಿ ಸಿಕ್ಕಿದ್ದು ಹೊರಬಿಡುವ ಕೊಳಕು ನೀರಿನ ಮಾನದಂಡದ ಪಟ್ಟಿಯನ್ನು ಕೂತು ಓದಿದಾಗ. ಸಾಮಾನ್ಯ ಮಾನದಂಡದಲ್ಲಿ ಹೊಳೆಗೆ ಬಿಡುವ ನೀರಿಗೆ ಬಿಒಡಿ (ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬಳಸುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿಲಿಗ್ರಾಂ ದಾಟಬಾರದು. ಜಮೀನಿಗೆ ಬಿಡುವುದಾದರೆ 100. ಹಾಗಾದರೆ ಹಳ್ಳದ ಕಡೆ ಯಾಕೆ ಮುಖ ಮಾಡಬೇಕು? ಎಲ್ಲರೂ ಮೂವತ್ತರ ಹಿಂದೆ ಬಿದ್ದು ಲಕ್ಷಗಟ್ಟಲೆ ಸುರಿಯುತ್ತಿದ್ದರು. ನಾನು ನೂರನ್ನು ಹಿಡಿದೆ.

ಮೊದಲ ಕೆಲಸ ನೀರು ಕಡಿಮೆ ಮಾಡಿದ್ದು. ಬೀಜ ತೊಳೆಯುವ ವಾಷರ್‌ನಿಂದ ಬಂದ ನೀರನ್ನು ಜಾಲರಿಯಲ್ಲಿ ಸೋಸಿ ಮತ್ತೆ ಪಲ್ಪರ್‌ಗೇ ಕೊಟ್ಟೆ. ಸಿಪ್ಪೆಯನ್ನು ನೀರಲ್ಲಿ ತೇಲಿಸದೆ ಒಣದಾಗಿಯೇ ತಳ್ಳುವ ವ್ಯವಸ್ಥೆ. ಸಿಪ್ಪೆ ಸುಲಿದು ತೊಳೆದು ಒಣಗಿಸುವ ಕಾಫಿಯೇ ಪಾರ್ಚ್‌ಮೆಂಟ್. ಅದರ ನೂರು ಚೀಲಕ್ಕೆ ಮುಂಚೆ ಒಂದು, ಒಂದೂವರೆ ಲಕ್ಷ ಲೀಟರ್ ಹೋಗುತ್ತಿತ್ತು. ಈಗ ನಲವತ್ತು ಸಾವಿರದ ಆಸುಪಾಸು. ಅರ್ಧ ಯುದ್ಧ ಅಲ್ಲೇ ಗೆದ್ದೆ.

ಆಮೇಲೆ ಒಂದು ಸಣ್ಣ ಸಿಮೆಂಟ್ ತೊಟ್ಟಿ. ಅಲ್ಲಿ ಸುಣ್ಣ, ಸಾವಿರ ಲೀಟರಿಗೆ ಎರಡು ಕಿಲೋ ಅಜಮಾಸು. ನೀರಿನ ಹುಳಿ ಅಳೆಯುವ ಪಿಎಚ್ ಪೇಪರ್ ಆರೂವರೆ ತೋರಿಸಿದರೆ ಸಾಕು. ರಾತ್ರಿಯೆಲ್ಲ ತಳ ಕೂರಲು ಬಿಟ್ಟು, ಮೇಲಿನ ನೀರನ್ನು ಮಾತ್ರ ಪ್ಲಾಸ್ಟಿಕ್ ಶೀಟ್ ಹಾಸಿದ ದೊಡ್ಡ ಹೊಂಡಕ್ಕೆ. ಅಲ್ಲಿಗೆ ಗೋಬರ್ ಗ್ಯಾಸಿನ ಸ್ಲರಿ. ಸ್ಲರಿ ಜೊತೆ ಇನ್ನೊಂದನ್ನೂ ಕಲಸುತ್ತೇನೆ, ಅದು ಸದ್ಯ ನನ್ನ ಹತ್ತಿರವೇ ಇರಲಿ. ಮೊದಲ ವಾರ ನೊರೆ ಬಂದು ಹೆದರಿಸುತ್ತೆ. ಹೆದರಬೇಡಿ. ತಿಂಗಳಾದ ಮೇಲೆ ವಾಸನೆ ಸತ್ತು ನೀರು ಚಹಾ ಬಣ್ಣಕ್ಕೆ ಬರುತ್ತೆ. ಆಗ ಅಗಲವಾದ, ಆಳ ಕಮ್ಮಿ ಇರುವ ಇನ್ನೊಂದು ಹೊಂಡಕ್ಕೆ ಬಿಟ್ಟು ಬಿಸಿಲು ಗಾಳಿ ತೋರಿಸುವುದು.

ಜೆಸಿಬಿ, ಶೀಟ್, ಪೈಪು, ಮೋಟಾರು ಎಲ್ಲಾ ಸೇರಿ ಎರಡೂ ಕಾಲು ಲಕ್ಷ ಆಗಿರಬೇಕು. ಲ್ಯಾಬ್ ವರದಿಯಲ್ಲಿ ಬಿಒಡಿ ಎಂಬತ್ತರ ಸುಮಾರು ಬಂತು. ನೋಡಲು ಬಂದಿದ್ದ ಅಧಿಕಾರಿ ನಂಬದೆ ತಾವೇ ಬಾಟಲಿಯಲ್ಲಿ ತುಂಬಿಸಿಕೊಂಡು ಹೋದರು. ಅವರಿಗೂ ಅಷ್ಟೇ ಬಂತು! "ಸಗಣಿ ಹಾಕಿ ಕಾನೂನು ಗೆಲ್ತಾನಂತೆ" ಅಂತ ನಕ್ಕವರು ಈಗ ತಮ್ಮ ತೋಟದ ಲೆಕ್ಕ ಬರೆಯುವ ರೈಟರನ್ನು ಕಳಿಸಿ ಹೊಂಡದ ಅಳತೆ ತೆಗೆಸಿಕೊಂಡು ಹೋಗಿದ್ದಾರೆ. ಕೊಟ್ಟೆ, ಸುಮ್ನೆ ಯಾಕೆ ಜಂಬ.

ಫೆಬ್ರವರಿ ಕೊನೆಗೆ ಈ ನೀರನ್ನು ಕೆರೆ ನೀರಿನ ಜೊತೆ ಬೆರೆಸಿ, ಕಾಫಿ ಗಿಡ ಹೂ ಬಿಡುವ ಬ್ಲಾಸಮ್‌ಗೆ ಸ್ಪ್ರಿಂಕ್ಲರ್‌ನಲ್ಲಿ ಕೊಡುತ್ತೇನೆ. ಅಷ್ಟು ಡೀಸೆಲ್ ಉಳಿಯುತ್ತೆ ಅನ್ನುವುದೇನಿಲ್ಲ, ಆದರೆ ಕೆರೆ ಎರಡು ದಿನ ಜಾಸ್ತಿ ಬರುತ್ತೆ. ಅಡಿಕೆಗೆ ನೇರವಾಗಿ ಬಿಟ್ಟು ನೋಡಿದೆ, ತೊಂದರೆ ಕಾಣಲಿಲ್ಲ. ಹೊಸ ಪಲ್ಪರ್ ನೀರನ್ನೇ ಗೋಬರ್ ಗ್ಯಾಸಿನ ಗುಂಡಿಗೆ ಬಿಟ್ಟಾಗ ಮಾತ್ರ ತಮಾಷೆ ಆಯ್ತು. ಮೊದಲು ಒಲೆ ಭರ್ಜರಿಯಾಗಿ ಉರಿಯಿತು, ಆಮೇಲೆ ಗುಂಡಿ ಹುಳಿಯಾಗಿ ಗ್ಯಾಸೇ ನಿಂತಿತು. ಮನೆಯವಳು ಸಿಲಿಂಡರ್ ಬುಕ್ ಮಾಡಿ, ಇನ್ನು ಅಡುಗೆಮನೆ ಕಡೆ ಪೈಪು ತಿರುಗಿಸಬೇಡಿ ಅಂದಳು.

ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದ ಕಾಗದ ಮಾತ್ರ ಇನ್ನೂ ಹಳೇ ಥರವೇ. ಸಾವಿರ ಎಕರೆಯವರು ತುಂಬುವ ಫಾರಂ ನಾನೂ ತುಂಬಬೇಕು. ನೀರಿಗೆ ಖರ್ಚಾದದ್ದಕ್ಕಿಂತ ಓಡಾಟಕ್ಕೆ ಸುಸ್ತಾದದ್ದೇ ಹೆಚ್ಚು. ಬರುವ ವರ್ಷ ರೋಬಸ್ಟಾವನ್ನೂ ಪಾರ್ಚ್‌ಮೆಂಟ್ ಮಾಡುವ ಯೋಚನೆ ಇದೆ. ಅದರ ಲೋಳೆ ಗಟ್ಟಿ, ಇರುವ ಹೊಂಡ ಸಾಲಲ್ಲ. ಇನ್ನೊಂದಕ್ಕೆ ಶೀಟಿನ ದರ ಕೇಳಿಟ್ಟಿದ್ದೇನೆ.