ಬಸುರಿ, ಬಾಣಂತಿಯರಿಂದ ಮದ್ಯವನ್ನು ದೂರವಿಡುವ ಬಗೆ

ಮಲೆನಾಡಿನ ನಮ್ಮ ಮನೆಯಲ್ಲಿ ಬಾಣಂತಿ ಕೋಣೆಯ ಗೋಡೆಗೂಡಿನಲ್ಲಿ ಮೂರು ಸೀಸೆಗಳಿರುತ್ತಿದ್ದವು: ಒಂದರಲ್ಲಿ ಹರಳೆಣ್ಣೆ, ಇನ್ನೊಂದರಲ್ಲಿ ದಶಮೂಲಾರಿಷ್ಟ, ಮೂರನೆಯದರಲ್ಲಿ ಲೇಬಲ್ ಕಿತ್ತು ತೆಗೆದ ಬ್ರಾಂದಿ. ರಾತ್ರಿ ಊಟವಾದ ಮೇಲೆ ನನ್ನ ಸೋದರತ್ತೆ ಬಾಣಂತಿಗೆ ಎರಡು ಚಮಚ ಬ್ರಾಂದಿಯನ್ನು ಬಿಸಿನೀರಿಗೆ ಬೆರೆಸಿ ಕುಡಿಸುತ್ತಿದ್ದರು. ಸಮೀಕ್ಷೆಯವರು ಬಂದು ‘ನಿಮ್ಮ ಮನೆಯ ಹೆಂಗಸರು ಕುಡಿಯುತ್ತಾರೆಯೇ’ ಎಂದು ಕೇಳಿದ್ದರೆ ‘ಶಿವಶಿವಾ’ ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು, ಮತ್ತು ಅವರ ಮಟ್ಟಿಗೆ ಅದು ಸುಳ್ಳಾಗಿರುತ್ತಿರಲಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಮದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದ್ಯ ಸೇವಿಸುವುದಾಗಿ ಹೇಳಿದ ಹೆಂಗಸರು ದೇಶದಲ್ಲಿ ಶೇ. 1.3ರಷ್ಟು ಮಾತ್ರ. ಚಮಚದಲ್ಲಿ, ಔಷಧಿಯ ಅಳತೆಲೋಟದಲ್ಲಿ, ಕೇಕಿನ ತುಂಡಿನಲ್ಲಿ ಒಳಗೆ ಹೋಗುವ ಮದ್ಯ ಇಂಥ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಬಸುರಿಯಲ್ಲಿ ಮತ್ತು ಹಾಲೂಡಿಸುವಾಗ ಮದ್ಯದಿಂದ ದೂರವಿರುವುದೆಂದರೆ ಮೊದಲು ಅದು ಯಾವ ಯಾವ ಹೆಸರಿನಲ್ಲಿ ಮನೆಯೊಳಗಿದೆ ಎಂದು ಗುರುತು ಹಿಡಿಯುವುದೇ ಆಗಿದೆ.

ಬಸುರಿಯ ಹೊಟ್ಟೆಗೆ ಹೋದ ಮದ್ಯಸಾರ ರಕ್ತಕ್ಕೆ ಸೇರಿ, ಮಾಸುವನ್ನು ಯಾವ ತಡೆಯೂ ಇಲ್ಲದೆ ದಾಟಿ, ಸ್ವಲ್ಪ ಹೊತ್ತಿನಲ್ಲೇ ಮಗುವಿನ ರಕ್ತದಲ್ಲಿ ಹೆಚ್ಚುಕಡಿಮೆ ತಾಯಿಯ ರಕ್ತದಲ್ಲಿರುವಷ್ಟೇ ಆಗುತ್ತದೆ. ತಾಯಿಯ ಪಿತ್ತಜನಕಾಂಗ, ಅಂದರೆ ಲಿವರ್, ಅದನ್ನು ಗಂಟೆಗಿಷ್ಟು ಎಂದು ಒಡೆದು ಹಾಕುತ್ತದೆ. ಬೆಳೆಯುತ್ತಿರುವ ಮಗುವಿನ ಲಿವರಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಮಗು ಹೊರಬಿಟ್ಟದ್ದು ಗರ್ಭಜಲಕ್ಕೆ ಸೇರುತ್ತದೆ, ಆ ನೀರನ್ನೇ ಮಗು ಮತ್ತೆ ನುಂಗುತ್ತದೆ. ಮೂರರಿಂದ ಎಂಟನೆಯ ವಾರದವರೆಗೆ ಅಂಗಗಳು ಮೂಡುವ ಕಾಲವಾದ್ದರಿಂದ ಆಗ ಮುಖ, ಹೃದಯ ಮುಂತಾದವುಗಳ ರಚನೆಗೆ ಪೆಟ್ಟು ಬೀಳಬಹುದು. ಮೆದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುವುದರಿಂದ ‘ಮೂರು ತಿಂಗಳು ದಾಟಿತು, ಇನ್ನು ಪರವಾಗಿಲ್ಲ’ ಎನ್ನುವ ಮಾತಿಗೆ ಆಧಾರವಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಇಬ್ಬರು ವೈದ್ಯರು, ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್, ಬಸುರಿಯಲ್ಲಿ ವಿಪರೀತ ಕುಡಿದಿದ್ದ ತಾಯಂದಿರ ಮಕ್ಕಳಲ್ಲಿ ಒಂದೇ ಬಗೆಯ ಲಕ್ಷಣಗಳನ್ನು ಕಂಡು ಅದಕ್ಕೆ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಹೆಸರು ಕೊಟ್ಟರು. ಆ ಲಕ್ಷಣಗಳು ಇವು: ಕಿರಿದಾದ ಕಣ್ಣುಗಳು, ತೆಳುವಾದ ಮೇಲ್ತುಟಿ, ಮೂಗಿನಿಂದ ತುಟಿಗೆ ಇಳಿಯುವ ತೋಡು ಇಲ್ಲದೆ ನುಣುಪಾದ ಜಾಗ, ಕುಂಠಿತ ಬೆಳವಣಿಗೆ. ಮುಖದಲ್ಲಿ ಯಾವ ಗುರುತೂ ಇಲ್ಲದೆ ಕಲಿಕೆ, ನೆನಪು, ಗಮನ, ಸಿಟ್ಟಿನ ಹಿಡಿತ ಇವುಗಳಲ್ಲಿ ಮಾತ್ರ ತೊಂದರೆ ಇರುವ ಮಕ್ಕಳು ಹೆಚ್ಚು ಎಂಬುದು ಆಮೇಲೆ ತಿಳಿದುಬಂತು. ಅಂಥ ಮಗುವನ್ನು ಶಾಲೆಯಲ್ಲಿ ‘ದಡ್ಡ’, ‘ತುಂಟ’ ಎಂದು ಬೈಯುತ್ತಾರೆಯೇ ಹೊರತು ಕಾರಣವನ್ನು ಯಾರೂ ಹುಡುಕುವುದಿಲ್ಲ. ಎಷ್ಟು ಕುಡಿದರೆ ಅಪಾಯವಿಲ್ಲ ಎಂದು ಹೇಳಬಲ್ಲ ಅಳತೆ ಈವರೆಗೆ ಸಿಕ್ಕಿಲ್ಲವಾದ್ದರಿಂದಲೇ ವೈದ್ಯರು ‘ಬೇಡವೇ ಬೇಡ’ ಎನ್ನುವುದು.

ಮಗು ಬೇಕೆಂದು ಯೋಚಿಸಿದ ದಿನದಿಂದಲೇ ನಿಲ್ಲಿಸುವುದು ಒಳ್ಳೆಯದು, ಏಕೆಂದರೆ ಮುಟ್ಟು ತಪ್ಪಿದ್ದು ಗಮನಕ್ಕೆ ಬಂದು ಪರೀಕ್ಷೆ ಮಾಡಿಕೊಳ್ಳುವ ಹೊತ್ತಿಗೆ ಗರ್ಭಕ್ಕೆ ನಾಲ್ಕೈದು ವಾರ ಆಗಿರುತ್ತದೆ. ಗೊತ್ತಿಲ್ಲದೆ ಆ ವಾರಗಳಲ್ಲಿ ಯಾವುದೋ ಪಾರ್ಟಿಯಲ್ಲಿ ಒಂದೆರಡು ಗ್ಲಾಸ್ ಕುಡಿದಿದ್ದರೆ ಹೆದರಿ ಕಂಗಾಲಾಗಬೇಕಿಲ್ಲ, ಗರ್ಭ ತೆಗೆಸುವ ಮಾತಂತೂ ಬೇಡ. ಅಂದೇ ನಿಲ್ಲಿಸಿ, ಮೊದಲ ತಪಾಸಣೆಯಲ್ಲಿ ಯಾವಾಗ, ಎಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅತ್ತೆ ಅಥವಾ ಗಂಡ ಪಕ್ಕದಲ್ಲಿದ್ದರೆ ಇಂಥ ಮಾತು ಬಾಯಿಗೆ ಬರುವುದಿಲ್ಲ. ‘ಡಾಕ್ಟರ ಹತ್ತಿರ ಎರಡು ನಿಮಿಷ ಒಬ್ಬಳೇ ಮಾತಾಡಬೇಕು’ ಎಂದು ನರ್ಸ್ ಹತ್ತಿರ ಹೇಳಿದರೆ ಅವರೇ ಉಳಿದವರನ್ನು ಹೊರಗೆ ಕೂರಿಸುತ್ತಾರೆ. ಐದನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿಯಿದೆ ಎಂದು ಬಂದರೆ ಅದು ಅಂಗಗಳ ರಚನೆಯ ಬಗೆಗಿನ ಮಾತು. ಮೆದುಳಿನ ಕೆಲಸ ಹೇಗಿದೆ ಎಂಬುದು ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ, ಆದ್ದರಿಂದ ಆ ವರದಿಯನ್ನು ಮತ್ತೆ ಕುಡಿಯಲು ಸಿಕ್ಕ ಪರವಾನಗಿ ಎಂದುಕೊಳ್ಳಬಾರದು.

ಲೆಕ್ಕದ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಬಿಯರ್ ಮತ್ತು ವೈನ್ ‘ಹಗುರ’, ವಿಸ್ಕಿ ‘ಭಾರಿ’ ಎಂಬ ಎಣಿಕೆ ಅದು. ನಮ್ಮ ದೇಶದ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರವಿರುತ್ತದೆ, 30 ಮಿ.ಲೀ.ನ ಒಂದು ಪೆಗ್‌ನಲ್ಲಿ ಸುಮಾರು 10 ಗ್ರಾಂ ಆಯಿತು. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯೊಂದರಲ್ಲಿ ಅದು ಸುಮಾರು 41 ಗ್ರಾಂ, ಅಂದರೆ ನಾಲ್ಕು ಪೆಗ್. ಮಡಿಕೇರಿಯ ಅಂಗಡಿಗಳಲ್ಲಿ ಸಾಲಾಗಿ ನಿಲ್ಲಿಸಿದ ‘ಹೋಮ್‌ಮೇಡ್ ವೈನ್’ ಬಾಟಲಿಗಳನ್ನು ನೋಡಿ: ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆ. ಹಣ್ಣಿನ ರಸದಂತೆ ಸಿಹಿಯಾಗಿರುವುದರಿಂದ ನೆಂಟರ ಮನೆಯಲ್ಲಿ ಬಸುರಿಗೂ ಒಂದು ಲೋಟ ಬರುತ್ತದೆ, ಆದರೆ ಮನೆಯಲ್ಲಿ ಹುದುಗಿಸಿದ್ದರ ಬಲ ಎಷ್ಟೆಂದು ಮಾಡಿದವರಿಗೇ ತಿಳಿದಿರುವುದಿಲ್ಲ. ನೀರಾ ಕೂಡ ಹಾಗೆಯೇ. ಮರದಿಂದ ಇಳಿಸಿ ತಂಪಾಗಿಟ್ಟಾಗ ಅದು ನೀರಾ, ಬಿಸಿಲಿನಲ್ಲಿ ಕೆಲವು ಗಂಟೆ ಕಳೆದರೆ ಕಳ್ಳು. ಕ್ರಿಸ್‌ಮಸ್ ಹೊತ್ತಿನ ಪ್ಲಮ್ ಕೇಕಿಗೆ ಹಣ್ಣುಗಳನ್ನು ರಮ್‌ನಲ್ಲಿ ವಾರಗಟ್ಟಲೆ ನೆನೆಸಿರುತ್ತಾರೆ, ಬೇಯಿಸುವಾಗ ಅದು ಪೂರ್ತಿ ಹಾರಿಹೋಗುವುದಿಲ್ಲ; ಬೆಂದ ಮೇಲೆ ಮತ್ತೆ ರಮ್ ಸುರಿದ ಕೇಕಿನಲ್ಲಿ ಹಾಗೆಯೇ ಉಳಿದಿರುತ್ತದೆ. ಬೇಕರಿಯಲ್ಲಿ ಕೇಳಿದರೆ ರಮ್ ಇಲ್ಲದ್ದನ್ನು ಕೊಡುತ್ತಾರೆ. ಇಡ್ಲಿ, ದೋಸೆಯ ಹಿಟ್ಟೂ ಹುದುಗು ಬಂದದ್ದೇ ಅಲ್ಲವೇ ಎಂದು ಯಾರಾದರೂ ವಾದಿಸಿದರೆ ತಲೆಕೆಡಿಸಿಕೊಳ್ಳಬೇಡಿ, ನೆಮ್ಮದಿಯಾಗಿ ತಿನ್ನಿ.

ಬಾಟಲಿಯ ಮೇಲಿನ ಬರಹವನ್ನು ನಂಬಿ ಕೂರುವಂತಿಲ್ಲ. ಅಮೆರಿಕದಲ್ಲಿ 1989ರಿಂದಲೇ ಮದ್ಯದ ಬಾಟಲಿಯ ಮೇಲೆ ಗರ್ಭಿಣಿಯರಿಗೆ ಎಚ್ಚರಿಕೆ ಇರಬೇಕೆಂಬ ನಿಯಮವಿದೆ. ನಮ್ಮಲ್ಲಿ ಕಡ್ಡಾಯವಾಗಿರುವ ಎಚ್ಚರಿಕೆ ಆರೋಗ್ಯಕ್ಕೆ ಹಾನಿ, ಕುಡಿದು ವಾಹನ ಓಡಿಸಬೇಡಿ ಎನ್ನುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಸುದ್ದಿ ಅದರಲ್ಲಿಲ್ಲ.

ಇನ್ನು ಔಷಧಿಯ ಕಪಾಟು. ಆಯುರ್ವೇದದ ಆಸವ, ಅರಿಷ್ಟಗಳನ್ನು ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಹಾಕಿ ಹುದುಗಿಸಿಯೇ ಮಾಡುತ್ತಾರೆ, ಹುದುಗಿದಾಗ ಮದ್ಯಸಾರ ತಾನಾಗಿ ಹುಟ್ಟುತ್ತದೆ. ಸೀಸೆಯನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದರೆ ಶೇ. 5ರಿಂದ 10ರವರೆಗೆ ಎಂದು ಬರೆದಿರುವುದು ಸಾಮಾನ್ಯ. ದಿನಕ್ಕೆ ಎರಡು ಹೊತ್ತು 30 ಮಿ.ಲೀ.ನಂತೆ ಶೇ. 10ರ ಅರಿಷ್ಟ ಕುಡಿದರೆ ಒಟ್ಟು 6 ಮಿ.ಲೀ. ಮದ್ಯಸಾರ ಒಳಗೆ ಹೋಗುತ್ತದೆ, ಅದು ಹೆಚ್ಚುಕಡಿಮೆ ಅರ್ಧ ಪೆಗ್ ಬ್ರಾಂದಿಗೆ ಸಮ. ಇದನ್ನು ಹೇಳುವುದು ಆಯುರ್ವೇದವನ್ನು ಹಳಿಯಲಿಕ್ಕಲ್ಲ. ಬಸುರಿಯಲ್ಲಿ ಅರಿಷ್ಟ, ಆಸವಗಳನ್ನು ಸ್ವಂತ ಬುದ್ಧಿಯಿಂದ ಕುಡಿಯಬೇಡಿ. ಬಾಣಂತನದಲ್ಲಿ ದಶಮೂಲ ಬೇಕೇಬೇಕು ಎಂದು ಮನೆಯವರಿಗೆ ಅನ್ನಿಸಿದರೆ, ಅರಿಷ್ಟದ ಬದಲು ಅಂದಂದೇ ಕುದಿಸಿದ ಕಷಾಯ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಟಾನಿಕ್‌ಗಳಲ್ಲೂ ಮದ್ಯಸಾರವಿರುತ್ತದೆ, ಹೋಮಿಯೋಪತಿಯ ಮದರ್ ಟಿಂಚರ್‌ಗಳಲ್ಲಿ ಬಹಳವೇ ಇರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ‘ನಾನು ಬಸುರಿ, ಆಲ್ಕೋಹಾಲ್ ಇಲ್ಲದ್ದು ಕೊಡಿ’ ಎಂದು ಒಂದೇ ಮಾತಿನಲ್ಲಿ ಹೇಳುವುದನ್ನು ರೂಢಿ ಮಾಡಿಕೊಂಡರೆ ಸಾಕು.

ಬೇಡ ಎನ್ನುವುದು ಹೊರಗಿನವರಿಗಿಂತ ಮನೆಯವರಿಗೆ ಹೇಳುವಾಗಲೇ ಕಷ್ಟ. ಗೆಳೆಯರ ಪಾರ್ಟಿಯಲ್ಲಿ, ಬಸುರಿಯ ಸುದ್ದಿಯನ್ನು ಇನ್ನೂ ಯಾರಿಗೂ ಹೇಳಿಲ್ಲದ ದಿನಗಳಲ್ಲಿ, ‘ಆಂಟಿಬಯೋಟಿಕ್ ನಡೀತಿದೆ’ ಎಂದರೆ ಮರುಪ್ರಶ್ನೆ ಬರುವುದಿಲ್ಲ. ನಿಂಬೆ ಸೋಡಾದ ಗ್ಲಾಸ್ ಕೈಯಲ್ಲಿದ್ದರೆ ಒತ್ತಾಯವೂ ಇರುವುದಿಲ್ಲ. ಪ್ರೀತಿಯಿಂದ ಚಮಚ ಹಿಡಿದು ಬಂದ ಅತ್ತೆಗೆ ಅಥವಾ ಅಮ್ಮನಿಗೆ ವಿಜ್ಞಾನದ ಪಾಠ ಹೇಳಿದರೆ ಮನಸ್ಸು ಮುರಿಯುತ್ತದೆ, ಕೆಲಸವಾಗುವುದಿಲ್ಲ. ‘ಅತ್ತೆ, ಡಾಕ್ಟರು ಬೇಡ ಅಂದಿದ್ದಾರೆ. ಮುಂದಿನ ಸಲ ನೀವೂ ಬನ್ನಿ, ಒಟ್ಟಿಗೇ ಕೇಳೋಣ’ ಎಂದು ಹೇಳಿ, ನಿಜವಾಗಿಯೂ ಕರೆದುಕೊಂಡು ಹೋಗಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಅತ್ತೆ ಸೊಸೆ ಜೊತೆಯಾಗಿ ಹೋದರೆ, ಮನೆಯಲ್ಲಿ ಆರು ತಿಂಗಳು ವಾದ ಮಾಡಿದರೂ ಮುಗಿಯದ ಮಾತು ಆ ಬೆಂಚಿನ ಮೇಲೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಅವರ ಮುಖ್ಯ ವಾದ ‘ಬ್ರಾಂದಿ ಮೈಗೆ ಬಿಸಿ ಕೊಡುತ್ತದೆ, ಶೀತ ತಡೆಯುತ್ತದೆ’ ಎಂಬುದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ ನಿಜ, ಆದರೆ ಒಳಗಿನ ಶಾಖ ಆ ದಾರಿಯಿಂದಲೇ ಹೊರಗೆ ಹೋಗುತ್ತಿರುತ್ತದೆ. ಬೆಚ್ಚಗಿರಲು ಕುಲಾವಿ, ಕಂಬಳಿ, ಬಿಸಿನೀರಿನ ಸ್ನಾನ, ಜೀರಿಗೆ ಮೆಣಸಿನ ಸಾರು ಇವೆಯಲ್ಲ.

ದಿನವೂ ಕುಡಿಯುವ ಅಭ್ಯಾಸವಿರುವ ಹೆಣ್ಣುಮಕ್ಕಳ ವಿಷಯ ಬೇರೆ, ಅವರಿಗೆ ‘ಇವತ್ತಿನಿಂದ ಬಿಟ್ಟುಬಿಡು’ ಎಂದು ಹೇಳುವುದು ಅಪಾಯಕಾರಿ ಸಲಹೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ದಿನವಿಡೀ ದುಡಿದು ಬಂದು ಮೈಕೈ ನೋವಿಗೆಂದು ಗಂಡನ ಜೊತೆ ಕುಡಿಯುವವರಿದ್ದಾರೆ, ನಗರದ ಅಪಾರ್ಟ್‌ಮೆಂಟ್‌ಗಳಲ್ಲಿ ರಾತ್ರಿಯ ನಿದ್ದೆಗೆಂದು ಕುಡಿಯುವವರೂ ಇದ್ದಾರೆ. ದೇಹ ಮದ್ಯಕ್ಕೆ ಒಗ್ಗಿಹೋಗಿದ್ದರೆ ಒಮ್ಮೆಲೇ ನಿಲ್ಲಿಸಿದಾಗ ಕೈ ನಡುಕ, ಬೆವರು, ನಿದ್ದೆಗೇಡು, ಗಾಬರಿ ಶುರುವಾಗಿ, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಕೂಡ ಬರಬಹುದು, ಅದು ತಾಯಿಗೂ ಮಗುವಿಗೂ ಕುತ್ತು. ಇಂಥವರು ಆಸ್ಪತ್ರೆಯ ನಿಗಾದಲ್ಲೇ ಬಿಡಬೇಕು, ಮತ್ತು ಬಸುರಿಯೆಂದು ಮೊದಲೇ ಹೇಳಬೇಕು, ಏಕೆಂದರೆ ಕುಡಿತ ಬಿಡಿಸಲು ಕೊಡುವ ಕೆಲವು ಮಾತ್ರೆಗಳು ಬಸುರಿಗೆ ಸಲ್ಲುವುದಿಲ್ಲ. ಗಂಡನಿಗೆ ತಂದ ‘ಕುಡಿತ ಬಿಡಿಸುವ ಪುಡಿ’ಯನ್ನು ಹೆಂಡತಿಯ ಊಟಕ್ಕೂ ಬೆರೆಸುವ ಸಾಹಸ ಬೇಡ. ವ್ಯಸನಮುಕ್ತಿಗೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತೊಳಲಾಟಕ್ಕೆ ಟೆಲಿ ಮನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಫಿಟ್ಸ್ ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ಕಾಯದೆ 108ಕ್ಕೆ ಕರೆ ಮಾಡಿ. ಬಯ್ಗುಳಕ್ಕೆ ಹೆದರಿ ತಪಾಸಣೆಯನ್ನೇ ತಪ್ಪಿಸಿಕೊಳ್ಳುವ ಬಸುರಿಯನ್ನು ಆಶಾ ಕಾರ್ಯಕರ್ತೆಯರು ಬಲ್ಲರು. ಅವಳ ಮನೆಗೆ ಎರಡನೆಯ ಸಲ ಹೋಗಿ ಕೂತು ಮಾತಾಡುವವರು ಸಾಮಾನ್ಯವಾಗಿ ಅವರೇ.

ಹೆರಿಗೆಯ ನಂತರ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ. ತಾಯಿಯ ರಕ್ತದಲ್ಲಿ ಎಷ್ಟು ಮದ್ಯಸಾರವಿದೆಯೋ ಎದೆಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬರಿಹೊಟ್ಟೆಯಲ್ಲಿ ಕುಡಿದರೆ ಅರ್ಧದಿಂದ ಒಂದು ಗಂಟೆಯೊಳಗೆ, ಊಟದ ಜೊತೆಯಾದರೆ ಇನ್ನೂ ಸ್ವಲ್ಪ ತಡವಾಗಿ ಅದು ಏರುಮಟ್ಟ ಮುಟ್ಟುತ್ತದೆ. ರಕ್ತದಿಂದ ಇಳಿದಂತೆ ಹಾಲಿನಿಂದಲೂ ಇಳಿಯುವುದರಿಂದ, ಹಾಲನ್ನು ಹಿಂಡಿ ಚೆಲ್ಲಿದರೆ ಮದ್ಯ ಬೇಗ ಹೋಗುತ್ತದೆ ಎಂಬುದು ತಪ್ಪು ನಂಬಿಕೆ. ಎದೆ ಬಿಗಿದು ನೋಯುತ್ತಿದ್ದರೆ ಹಿಂಡಬೇಕು ಅಷ್ಟೆ. ಕಾಫಿ, ತಣ್ಣೀರು ಸ್ನಾನ, ಮಜ್ಜಿಗೆ ಯಾವುದೂ ಇದನ್ನು ಚುರುಕುಗೊಳಿಸುವುದಿಲ್ಲ. ಬಾಣಂತನದಲ್ಲೂ ಬಿಟ್ಟಿರುವುದೇ ಉತ್ತಮ, ಮೊದಲ ತಿಂಗಳುಗಳಲ್ಲಂತೂ ಕೂಸು ಎರಡು ಮೂರು ಗಂಟೆಗೊಮ್ಮೆ ಎದೆಗೆ ಬರುವುದರಿಂದ ನಡುವೆ ಬಿಡುವೇ ಸಿಗುವುದಿಲ್ಲ. ಹಾಗೂ ಯಾವುದೋ ಸಂದರ್ಭದಲ್ಲಿ ಒಂದು ಪೆಗ್‌ನಷ್ಟು ಕುಡಿದದ್ದಾದರೆ ಕನಿಷ್ಠ ಎರಡರಿಂದ ಮೂರು ಗಂಟೆ, ಎರಡು ಪೆಗ್ ಆಗಿದ್ದರೆ ಅದರ ಇಮ್ಮಡಿ ಹೊತ್ತು ಹಾಲೂಡಿಸದೆ ಕಾಯಬೇಕು. ಮುಂಚೆಯೇ ಹಿಂಡಿ ಫ್ರಿಜ್‌ನಲ್ಲಿಟ್ಟ ಹಾಲಿದ್ದರೆ ಆ ಹೊತ್ತಿಗೆ ಒಳಲೆಯಲ್ಲೋ ಚಮಚದಲ್ಲೋ ಕುಡಿಸಬಹುದು. ಒಮ್ಮೆ ಹೀಗಾಯಿತೆಂದು ಎದೆಹಾಲನ್ನೇ ಬಿಡಿಸಿ ಡಬ್ಬಿ ಹಾಲಿಗೆ ಹೋಗುವುದು ಸರಿಯಲ್ಲ.

‘ಕುಡಿದರೆ ಹಾಲು ಚೆನ್ನಾಗಿ ಇಳಿಯುತ್ತದೆ’ ಎಂಬ ಮಾತನ್ನು ಕಳ್ಳಿನ ಬಗ್ಗೆಯೂ ಬಿಯರಿನ ಬಗ್ಗೆಯೂ ಕೇಳಿದ್ದೇನೆ. ಆಗುವುದು ತಿರುವುಮುರುವು: ಹಾಲನ್ನು ಹೊರಗೆ ನೂಕುವ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಮದ್ಯ ತಡೆಯುತ್ತದೆ, ತಾಯಿ ಕುಡಿದ ಮೇಲಿನ ಗಂಟೆಗಳಲ್ಲಿ ಕೂಸುಗಳು ಹೆಚ್ಚು ಸಲ ಚೀಪಿದರೂ ಕಡಿಮೆ ಹಾಲು ಕುಡಿಯುವುದನ್ನು ಅಧ್ಯಯನಗಳು ತೋರಿಸಿವೆ, ನಿದ್ದೆಯೂ ತುಂಡುತುಂಡಾಗುತ್ತದೆ. ಹಾಲು ಸಾಲದೆಂದು ಅನ್ನಿಸಿದರೆ ಕೂಸನ್ನು ಮೇಲಿಂದ ಮೇಲೆ ಎದೆಗೆ ಹಿಡಿಯುವುದು, ಬಾಯಿ ಸರಿಯಾಗಿ ಕೂತಿದೆಯೇ ಎಂದು ನರ್ಸ್‌ಗೆ ತೋರಿಸುವುದು, ಹೊಟ್ಟೆ ತುಂಬ ಊಟ, ನಡುವೆ ಒಂದಿಷ್ಟು ನಿದ್ದೆ ಇವು ಮದ್ದು.

ಕೂಸಿಗೆ ನೇರವಾಗಿ ಮದ್ಯ ಸೋಕಿಸುವ ರೂಢಿಗಳನ್ನಂತೂ ಖಡಾಖಂಡಿತವಾಗಿ ನಿಲ್ಲಿಸಬೇಕು. ಶೀತವಾಯಿತೆಂದು ಎದೆಗೆ ಬ್ರಾಂದಿ ತಿಕ್ಕುವುದು, ಹಲ್ಲು ಬರುವಾಗ ವಸಡಿಗೆ ಹಚ್ಚುವುದು, ಅಳುವ ಕೂಸಿನ ನಾಲಿಗೆಗೆ ಒಂದು ಹನಿ ತೋರಿಸುವುದು, ಎಲ್ಲವೂ ಅಪಾಯವೇ. ಹಸುಗೂಸಿನ ತೆಳು ಚರ್ಮ ಅದನ್ನು ಹೀರಿಕೊಳ್ಳುತ್ತದೆ, ಮತ್ತು ಅಷ್ಟು ಚಿಕ್ಕ ದೇಹದಲ್ಲಿ ಸ್ವಲ್ಪ ಮದ್ಯವೂ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸಬಲ್ಲದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟರೆ ನೀರೂ ಬೇಡವೆನ್ನುವಾಗ ಇದಕ್ಕೆ ಜಾಗವೆಲ್ಲಿ?

ಕೊನೆಯದಾಗಿ ಮಲಗುವ ವಿಷಯ, ಇದು ಅಪ್ಪಂದಿರಿಗೂ ಸೇರಿದ್ದು. ನಮ್ಮಲ್ಲಿ ಕೂಸನ್ನು ಮಗ್ಗುಲಲ್ಲೇ ಮಲಗಿಸಿಕೊಳ್ಳುವುದು ವಾಡಿಕೆ. ಕುಡಿದು ಮಲಗಿದವರಿಗೆ ತಮ್ಮ ತೋಳು ಕೂಸಿನ ಮೂಗಿನ ಮೇಲೆ ಬಿದ್ದದ್ದೂ, ಹೊದಿಕೆ ಮುಖ ಮುಚ್ಚಿದ್ದೂ ಎಚ್ಚರಕ್ಕೆ ಬರುವುದಿಲ್ಲ. ಗಂಡ ಅಂದು ಕುಡಿದು ಬಂದಿದ್ದರೆ ಅವನ ಹಾಸಿಗೆ ಹಜಾರದಲ್ಲಿ ಹಾಕಿ. ತಾಯಿಯೇ ಕುಡಿದಿದ್ದರೆ ಆ ರಾತ್ರಿ ಕೂಸು ತೊಟ್ಟಿಲಲ್ಲಿ ಮಲಗಲಿ, ಅಳುವ ಸದ್ದಿಗೆ ಏಳಬಲ್ಲ ಅಜ್ಜಿಯೋ ಚಿಕ್ಕಮ್ಮನೋ ಅದರ ಪಕ್ಕದಲ್ಲಿರಲಿ.